ಋತುಬಂಧದ ಸಂಕಟಕ್ಕೆ ಗರ್ಭಕೋಶ ತೆಗೆಸುವುದು ಉತ್ತರವಲ್ಲ

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಬಹುಕಾಲ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದ ನಾನು, ನಮ್ಮಲ್ಲಿ ಚಿಕಿತ್ಸೆಯೇ ಇಲ್ಲವೆಂಬಂತೆ ಬಿಟ್ಟುಬಿಟ್ಟಿರುವ ಋತುಬಂಧದ, ಅಂದರೆ ಮುಟ್ಟು ನಿಲ್ಲುವ ಕಾಲದ, ತೊಂದರೆಗಳ ಬಗ್ಗೆ ಬರೆಯುತ್ತಿದ್ದೇನೆ. ಡಿಸೆಂಬರಿನ ಚಳಿಯಲ್ಲೂ ನಲವತ್ತೈದು ದಾಟಿದ ಹೆಂಗಸರು ಕೈಯಲ್ಲಿದ್ದ ಚೀಟಿಯಿಂದಲೇ ಗಾಳಿ ಬೀಸಿಕೊಳ್ಳುತ್ತ, ಬೆವರಿಗೆ ಒದ್ದೆಯಾಗಿ ಬೆನ್ನಿಗಂಟಿದ ರವಿಕೆಯಲ್ಲಿ ಸರದಿಗಾಗಿ ಕಾಯುತ್ತಿದ್ದರು. ವೈದ್ಯರ ಮುಂದೆ ಕೂತಾಗ ಬಾಯಿಬಿಟ್ಟು ಹೇಳುತ್ತಿದ್ದುದು ಮಂಡಿನೋವು, ಸುಸ್ತು, ನಿದ್ದೆ ಬಾರದು ಎಂದಷ್ಟೇ. ಬಿ.ಪಿ. ನೋಡಿ, ಕ್ಯಾಲ್ಸಿಯಂ ಮಾತ್ರೆ ಬರೆದು, ‘ಮುಟ್ಟು ನಿಲ್ಲೋ ಕಾಲ, ಎಲ್ಲರಿಗೂ ಇದ್ದದ್ದೇ’ ಎಂದು ಕಳುಹಿಸಲಾಗುತ್ತಿತ್ತು.

ಇದ್ದಕ್ಕಿದ್ದಂತೆ ಮೈ ಕಾದು ಬೆವರುವುದಕ್ಕೆ ಇಂದಿಗೂ ಅತ್ಯಂತ ಪರಿಣಾಮಕಾರಿಯಾದದ್ದು ಹಾರ್ಮೋನ್ ಚಿಕಿತ್ಸೆ, ಅಂದರೆ ಮುಟ್ಟು ನಿಲ್ಲುವಾಗ ದೇಹದಲ್ಲಿ ಕಡಿಮೆಯಾಗುವ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಔಷಧಿಯಾಗಿ ಕೊಡುವುದು. ಆದರೆ ಅದರ ಹೆಸರೆತ್ತಿದರೆ ರೋಗಿಗಳಷ್ಟೇ ಅಲ್ಲ, ಎಷ್ಟೋ ವೈದ್ಯರೂ ಕ್ಯಾನ್ಸರ್ ಎಂದು ಹಿಂಜರಿಯುತ್ತಾರೆ. ಈ ಭಯ ಹರಡಿದ್ದು 2002ರಲ್ಲಿ, ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದಲ್ಲಿ ಈ ಹಾರ್ಮೋನುಗಳನ್ನು ಕೊಟ್ಟು ಪರೀಕ್ಷಿಸುತ್ತಿದ್ದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದಾಗ. ಅದರಲ್ಲಿ ಪಾಲ್ಗೊಂಡವರ ಸರಾಸರಿ ವಯಸ್ಸು 63 ಎಂಬುದಾಗಲಿ, ಹೆಚ್ಚುವರಿಯಾಗಿ ಕಂಡ ಸ್ತನ ಕ್ಯಾನ್ಸರ್ ಪ್ರಕರಣಗಳು ವರ್ಷಕ್ಕೆ 10,000 ಮಹಿಳೆಯರಲ್ಲಿ ಸುಮಾರು 8 ಎಂಬುದಾಗಲಿ ಜನರಿಗೆ ತಲುಪಲೇ ಇಲ್ಲ. ಅರವತ್ತರೊಳಗಿನ, ಮುಟ್ಟು ನಿಂತು 10 ವರ್ಷ ದಾಟದ ಆರೋಗ್ಯವಂತ ಮಹಿಳೆಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ಮುಂದಿನ ವಿಶ್ಲೇಷಣೆಗಳು ತೋರಿಸಿದವು. ಈ ಔಷಧಿಗಳ ಮೇಲಿನ ಕಟ್ಟೆಚ್ಚರಿಕೆಯ ಬರಹದಿಂದ ಹೃದ್ರೋಗ, ಸ್ತನ ಕ್ಯಾನ್ಸರಿನ ಉಲ್ಲೇಖಗಳನ್ನು ತೆಗೆಸುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನೂ ಕೊಡಲೇಬೇಕು, ಇಲ್ಲವಾದರೆ ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ದಾರಿಯಾಗುತ್ತದೆ. ಮಾತ್ರೆಯ ಬದಲು ಚರ್ಮಕ್ಕೆ ಹಚ್ಚುವ ಜೆಲ್ ಬಳಸಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಅಥವಾ ಯಕೃತ್ತಿನ ತೀವ್ರ ಕಾಯಿಲೆಯಂಥವು ಆದವರಿಗೆ ಸಾಮಾನ್ಯವಾಗಿ ಇದು ಸಲ್ಲದು.

ಅಂಥವರಿಗೂ ದಾರಿಗಳಿವೆ. ಖಿನ್ನತೆಗೆಂದು ಕೊಡುವ ವೆನ್ಲಾಫ್ಯಾಕ್ಸಿನ್, ನರಗಳ ನೋವಿಗೆ ಕೊಡುವ ಗಾಬಾಪೆಂಟಿನ್ ಕಡಿಮೆ ಪ್ರಮಾಣದಲ್ಲಿ ಮೈಬಿಸಿಯನ್ನು ತಗ್ಗಿಸುತ್ತವೆ. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ಆಪ್ತಸಮಾಲೋಚನೆಯಿಂದ ನಿದ್ದೆ ಸುಧಾರಿಸಿ, ಬೆವರಿನ ಕಾಟವೂ ಸಹ್ಯವಾಗುತ್ತದೆ. ಯೋನಿ ಒಣಗಿ ಉರಿಯುವುದು, ಪದೇ ಪದೇ ಮೂತ್ರದ ಸೋಂಕಾಗುವುದು ಗಂಡನಿಗೂ ಹೇಳಲಾಗದ ಯಾತನೆ. ಅದಕ್ಕೆ ಅಲ್ಲೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಕ್ರೀಮ್ ಸಾಕು, ಅದು ರಕ್ತಕ್ಕೆ ಸೇರುವುದು ತೀರಾ ಅಲ್ಪ. ಸೋಯಾ ಮಾತ್ರೆ, ಗಿಡಮೂಲಿಕೆ ಪುಡಿಗಳೆಂದು ಮಾರುವವುಗಳಿಗೆ ಅಷ್ಟು ಗಟ್ಟಿ ಆಧಾರವಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಗರ್ಭಕೋಶದ ವಿಷಯ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅಡ್ಡಾದಿಡ್ಡಿಯಾಗಿ ರಕ್ತಸ್ರಾವವಾದರೆ, ‘ತೆಗೆಸಿಬಿಡಿ, ಇನ್ನೇನು ಮಕ್ಕಳಾಗಬೇಕೇ’ ಎನ್ನುವ ಸಲಹೆ ತೀರಾ ಬೇಗ ಬರುತ್ತದೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಬಡ ಹೆಂಗಸರು, ಹಲವರು ಇನ್ನೂ ಚಿಕ್ಕ ಪ್ರಾಯದಲ್ಲೇ, ಹೀಗೆ ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡದ್ದು ಒಂದು ದಶಕದ ಹಿಂದೆ ಬಯಲಾಗಿ ಪ್ರತಿಭಟನೆಗಳೂ ನಡೆದವು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಅಂಡಾಶಯವನ್ನೂ ಜೊತೆಗೇ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಬಂದೆರಗುತ್ತದೆ. ಮೂಳೆ ಸವೆಯುವ, ಹೃದ್ರೋಗ ಬರುವ ಸಾಧ್ಯತೆ ಹೆಚ್ಚುತ್ತದೆ. ಕಾರಣ ಪತ್ತೆಹಚ್ಚಿದ ಮೇಲೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಿಂದ ಅನೇಕರ ರಕ್ತಸ್ರಾವ ಹತೋಟಿಗೆ ಬರುತ್ತದೆ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಪರೀಕ್ಷಿಸಿಕೊಳ್ಳಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡುವ ವ್ಯವಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗಾಗಲೇ ಇದೆ. ಅದೇ ಸಂದರ್ಭದಲ್ಲಿ ಮುಟ್ಟು, ಬೆವರು, ನಿದ್ದೆ, ಉರಿಮೂತ್ರದ ಬಗ್ಗೆಯೂ ವಿಚಾರಿಸುವಂತೆ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಬೇಕು. ತಾಲ್ಲೂಕು ಆಸ್ಪತ್ರೆಗಳ ಔಷಧಾಲಯದಲ್ಲಿ ಈಸ್ಟ್ರೊಜೆನ್ ಕ್ರೀಮ್, ಜೆಲ್ ಮತ್ತು ಪ್ರೊಜೆಸ್ಟರಾನ್ ಮಾತ್ರೆಗಳು ಉಚಿತವಾಗಿ ಸಿಗುವಂತೆ ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇಂತಿ,
ನಿವೃತ್ತ ಶುಶ್ರೂಷಕಿ, ಹಾಸನ