ಕೆಂಪಿ ಮತ್ತೆ ಗಳ ಹತ್ತಿತು: ಕೈಜೋಡಿಸಿದವರಿಗೆಲ್ಲ ನಮಸ್ಕಾರ

ಆರೈಕೆಯ 43ನೇ ದಿನ ಸಂಜೆ, ಕಾಲು ನೋವಿಂದ ಕುಂಟುತ್ತಿದ್ದ ನಮ್ಮ ಹೇಂಟೆ ಕೆಂಪಿ ಯಾರ ಕೈಯೂ ಇಲ್ಲದೆ ಗೂಡಿನ ಏಣಿ ಹತ್ತಿ, ಗಳದ ಮೇಲೆ ಎರಡೂ ಕಾಲೂರಿ ಕೂತಿತು. ಎಡಗಾಲಿನ ಮೂರು ಮುಂಬೆರಳೂ ಗಳವನ್ನು ಬಿಗಿಯಾಗಿ ಸುತ್ತಿಕೊಂಡಿದ್ದವು. ಅಂಗಾಲಿನ ನಡುವೆ ಹೊಸ ಚರ್ಮ, ಎಳೆ ಮಾವಿನ ಚಿಗುರಿನ ಬಣ್ಣದ್ದು, ಇನ್ನೂ ಮೇಲೆ ಪೊರೆ ಕಟ್ಟಿಲ್ಲ.

ಎಲ್ಲರಿಗೂ ಧನ್ಯವಾದ ಎಂದು ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಈ ಆರು ವಾರದಲ್ಲಿ ಕುಶಲ ಕೇಳಿದವರಿಗಿಂತ "ನಮ್ಮನೆ ಹೇಂಟೆನೂ ಕುಂಟ್ತಿದೆ, ಏನ್ ಮಾಡ್ಬೇಕು" ಎಂದು ಕೇಳಿದವರೇ ಹೆಚ್ಚು. ಅದಕ್ಕೇ ಯಾರಿಂದ ಏನು ಸಿಕ್ಕಿತೋ ಅದನ್ನು ಅಳತೆ ಸಮೇತ ಇಲ್ಲಿ ಬರೆದಿದ್ದೇವೆ.

ಮೊದಲ ನಮಸ್ಕಾರ ಪಶು ಆಸ್ಪತ್ರೆಯ ಡಾಕ್ಟರಿಗೆ. ಔಷಧಿ ಬರೆಯುವ ಮೊದಲು ಕೋಳಿಯ ಕಾಲನ್ನು ಮಗುಚಿ ನೋಡಿದರಲ್ಲ, ಅದಕ್ಕೆ. ಕುಂಟು ಎನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಅಂಗಾಲಿನಿಂದ ಬೆನ್ನುಮೂಳೆಯವರೆಗೆ ಎಲ್ಲಿ ಕೆಟ್ಟರೂ ಕೋಳಿ ಕುಂಟುತ್ತದೆ. ಅವರು ನೋಡಿದ ಕ್ರಮ ಹೀಗಿತ್ತು, ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಕೋಳಿಯನ್ನು ಟವೆಲಿನಲ್ಲಿ ಸುತ್ತಿ, ತಲೆಗೆ ಬಟ್ಟೆಯ ಅಂಚು ಮುಚ್ಚಿ (ಕತ್ತಲಾದರೆ ಕೋಳಿ ಸುಮ್ಮನಾಗುತ್ತದೆ), ಪಕ್ಕಕ್ಕೆ ಮಲಗಿಸಿಕೊಳ್ಳಬೇಕು. ಬೆನ್ನ ಮೇಲೆ ಬಹಳ ಹೊತ್ತು ಮಲಗಿಸಬಾರದು, ಎದೆಯನ್ನು ಒತ್ತಿ ಹಿಡಿಯಬಾರದು. ಕೋಳಿಗೆ ನಮ್ಮಂತೆ ವಪೆ (ಎದೆ, ಹೊಟ್ಟೆಯ ನಡುವೆ ಉಸಿರಾಡಿಸುವ ಸ್ನಾಯು) ಇಲ್ಲ, ಎದೆಗೂಡು ಆಡಿದರೆ ಮಾತ್ರ ಉಸಿರು. ಆಮೇಲೆ ಅಂಗಾಲು, ಬೆರಳುಸಂದಿ, ಒಂದೊಂದು ಗಿಣ್ಣು, ಕಣಕಾಲು, ತೊಡೆ, ಹೀಗೆ ಕೆಳಗಿನಿಂದ ಮೇಲಕ್ಕೆ. ಪ್ರತಿ ಸಲವೂ ಇನ್ನೊಂದು ಕಾಲಿನ ಅದೇ ಜಾಗ ಮುಟ್ಟಿ ಹೋಲಿಸಬೇಕು: ಬಿಸಿ ಇದೆಯಾ, ಊತ ಇದೆಯಾ, ಮೂಳೆ ಕಟಕಟ ಎನ್ನುತ್ತದಾ. ಕೊನೆಗೆ ಅಂಗಾಲಿಗೆ ನಮ್ಮ ತೋರುಬೆರಳು ಒತ್ತಿದರೆ ಕೋಳಿ ಬೆರಳು ಮಡಚಿ ಹಿಡಿಯಬೇಕು. ಹಿಡಿಯದಿದ್ದರೆ ಸಂಶಯ ನರದ ಕಡೆಗೆ.

ಬೆರಳುಸಂದಿಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ಮರೆಯಬೇಡಿ. ಹಿತ್ತಲಲ್ಲಿ ಕೆದಕುವ ಕೋಳಿಗೆ ಗೋಣಿಚೀಲದ ಪ್ಲಾಸ್ಟಿಕ್ ದಾರ, ಬಾಚಿ ಎಸೆದ ತಲೆಗೂದಲು, ಗಾಳಿಪಟದ ನೂಲು ಸುತ್ತಿಕೊಳ್ಳುತ್ತದೆ. ಎರಡು ದಿನದಲ್ಲಿ ಅದು ಮಾಂಸದೊಳಗೆ ಇಳಿದು ಹೊರಗೆ ಕಾಣುವುದೇ ಇಲ್ಲ, ಬೆರಳು ಮಾತ್ರ ಕಪ್ಪಾಗುತ್ತಾ ಬರುತ್ತದೆ. ಮೊನೆ ಸಣ್ಣಗಿರುವ ಕತ್ತರಿಯಲ್ಲಿ ದಾರ ಕತ್ತರಿಸಿದರೆ ಅರ್ಧ ಕುಂಟು ಅಲ್ಲೇ ಬಿಟ್ಟುಹೋಗುತ್ತದೆ. ಇನ್ನೊಂದು, ಕಣಕಾಲಿನ ಪೊರೆಗಳು ಎದ್ದು ಬೂದಿ ಮೆತ್ತಿದ ಹಾಗೆ ಕಂಡರೆ ಅದು ಪೊರೆಯೊಳಗಿನ ನುಸಿ. ವಾರಕ್ಕೆ ಎರಡು ಸಲ ಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು ದಪ್ಪಗೆ ವ್ಯಾಸಲಿನ್ ಹಚ್ಚಿದರೆ ನುಸಿ ಉಸಿರುಗಟ್ಟಿ ಸಾಯುತ್ತದೆ. ಎದ್ದ ಪೊರೆಯನ್ನು ಕೀಳಲು ಹೋಗಬಾರದು, ರಕ್ತ ಬರುತ್ತದೆ.

ಮನೆಮದ್ದು ಮಾಡುತ್ತಾ ಕೂರಬಾರದ ಲಕ್ಷಣಗಳೂ ಇವೆ. ಎಳೆಯ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದಿದ್ದರೆ ಮ್ಯಾರೆಕ್ಸ್ ರೋಗದ ಅನುಮಾನ. ಹಂಗೇರಿಯ ಪಶುವೈದ್ಯ ಯೋಝೆಫ್ ಮಾರೆಕ್ 1907ರಲ್ಲಿ ವಿವರಿಸಿದ ವೈರಸ್ ರೋಗ ಇದು, ಇವತ್ತಿಗೂ ಔಷಧಿ ಇಲ್ಲ. ಮೊಟ್ಟೆಯೊಡೆದ ದಿನವೇ ಮರಿಗೆ ಹಾಕುವ ಲಸಿಕೆಯೊಂದೇ ದಾರಿ. ಕತ್ತು ತಿರುಚಿಕೊಂಡು ಹಸಿರು ಹಿಕ್ಕೆ ಹಾಕುತ್ತಿದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಒಂದೇ ವಾರದಲ್ಲಿ ಎರಡು ಮೂರು ಕೋಳಿ ಕುಂಟಿದರೂ ಅಷ್ಟೆ, ಬೇರೆ ಮಾಡಿ ಕೂಡಲೇ ಪಶುವೈದ್ಯರಿಗೆ ಹೇಳಬೇಕು. ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ದುಡ್ಡಿಲ್ಲದೆ ಕರೆ ಮಾಡಬಹುದು. ಹೇಂಟೆ ಬಾಲ ಕೆಳಗೆ ಮಾಡಿ, ನೆಟ್ಟಗೆ ನಿಂತು ಮುಕ್ಕರಿಯುತ್ತಿದ್ದರೆ ಕಾಲಿನ ತೊಂದರೆಯೇ ಅಲ್ಲ, ಮೊಟ್ಟೆ ಸಿಕ್ಕಿಕೊಂಡಿದೆ. ಅದಕ್ಕೆ ಅದೇ ದಿನ ಚಿಕಿತ್ಸೆ ಬೇಕು.

ಕೆಂಪಿಯದ್ದು ಅಂಗಾಲಿನ ಬಾವು, ಇಂಗ್ಲಿಷಿನವರ ಬಂಬಲ್‌ಫುಟ್. ಅಂಗಾಲಿನ ನಡುವೆ ಕಡಲೆಬೇಳೆಯಷ್ಟು ಕಪ್ಪು ಹಕ್ಕಳೆ, ಸುತ್ತ ಊತ. ಇದು ಗಿರಿರಾಜ ತಳಿ, ತೂಕ ಮೂರು ಕಿಲೋ ದಾಟಿದೆ. ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ, ಗಟ್ಟಿ ಕೋಳಿ, ಆದರೆ ಭಾರ. ನಾಟಿ ಕೋಳಿ ಹಾರಿ ಇಳಿದಂತೆ ಇದು ಇಳಿಯುವುದಿಲ್ಲ, ಬೀಳುತ್ತದೆ. ನಾಲ್ಕು ಅಡಿ ಎತ್ತರದ ಗಳದಿಂದ ದಿನಾ ಬೆಳಗ್ಗೆ ಚಪ್ಪಡಿ ಕಲ್ಲಿನ ಮೇಲೆ. ಜೊತೆಗೆ ಮಳೆಗಾಲದ ಹಸಿಗೆ ಮೆತ್ತಗಾದ ಅಂಗಾಲು. ಚರ್ಮ ಕೂದಲೆಳೆಯಷ್ಟು ಬಿರಿದರೂ ಸಾಕು, ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಹಿಂಡುವುದು. ನಮ್ಮ ಕೀವು ಹರಿಯುತ್ತದೆ, ಹಕ್ಕಿಯ ಕೀವು ಹರಿಯುವುದಿಲ್ಲ. ಕೀವನ್ನು ಕರಗಿಸುವ ಕಿಣ್ವ ಹಕ್ಕಿಗಳ ಬಿಳಿ ರಕ್ತಕಣಗಳಲ್ಲಿ ಇಲ್ಲ, ಹಾಗಾಗಿ ಅದು ಒಳಗೇ ಒಣಗಿದ ಹಾಲಿನ ಗಿಣ್ಣಿನಂತೆ ಗಟ್ಟಿಯಾಗಿ ಕೂರುತ್ತದೆ. ಹಿಂಡಿದರೆ ಹೊರಗೆ ಬರುವುದರ ಬದಲು ಸ್ನಾಯುರಜ್ಜು, ಮೂಳೆಯ ಕಡೆಗೆ ಹರಡುತ್ತದೆ. ವಿಡಿಯೋ ನೋಡಿಕೊಂಡು ಬ್ಲೇಡಿನಲ್ಲಿ ಕೊಯ್ಯುವವರೂ ಇದ್ದಾರೆ. ಅರಿವಳಿಕೆ ಇಲ್ಲದೆ ಕೊಯ್ಯುವುದು ಹಿಂಸೆ, ಬೆರಳು ಮಡಚುವ ರಜ್ಜು ಅಲ್ಲೇ ಕೆಳಗಿರುವುದರಿಂದ ಅಪಾಯ ಕೂಡ. ಆ ಗಂಟನ್ನು ಡಾಕ್ಟರೇ ತೆಗೆದರು. ಮನೆಯ ಕೆಲಸ ಅದಕ್ಕೆ ಮೊದಲು ಮೂರು ದಿನ, ಆಮೇಲೆ ಮೂರು ವಾರ.

ಮೊದಲ ಮೂರು ದಿನ ಬರೀ ನೆನೆಸುವುದು. ಒಂದು ಲೀಟರ್ ಬೆಚ್ಚಗಿನ ನೀರು, ಅಂದರೆ ಮಗುವಿನ ಸ್ನಾನದ ನೀರಿನಷ್ಟು, ಅದಕ್ಕೆ ಒಂದು ದೊಡ್ಡ ಚಮಚ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್, ಅಡುಗೆ ಉಪ್ಪಲ್ಲ). ಬೆಳಗ್ಗೆ ಸಂಜೆ 10ರಿಂದ 15 ನಿಮಿಷ. ಕೋಳಿ ಆ ನೀರು ಕುಡಿಯದಂತೆ ನೋಡಿಕೊಳ್ಳಬೇಕು, ಕುಡಿದರೆ ಭೇದಿ. ಹಕ್ಕಳೆ ಮೆತ್ತಗಾಗುತ್ತದೆ, ಕೆಲವೊಮ್ಮೆ ಚಿಕ್ಕ ಬಾವು ಇಷ್ಟರಲ್ಲೇ ಇಳಿದೂಬಿಡುತ್ತದೆ. ನೆನೆಸಿದ ಮೇಲೆ ಬೆರಳುಸಂದಿ ಪೂರ್ತಿ ಒರೆಸಬೇಕು.

ಗಂಟು ತೆಗೆದ ಮೇಲಿನ ಪಟ್ಟಿಯ ಕೆಲಸ ಕಲಿಸಿದ ಕಾಂಪೌಂಡರ್ ಅಣ್ಣನಿಗೆ ಎರಡನೇ ನಮಸ್ಕಾರ. ಮೊದಲು ಕೈಗೆ ಗ್ಲೌಸ್, ಏಕೆಂದರೆ ಆ ಬ್ಯಾಕ್ಟೀರಿಯಾ ನಮ್ಮ ಕೈಯ ಗಾಯಕ್ಕೂ ಹತ್ತುತ್ತದೆ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹಾಲು ಹಾಕದ ತಿಳಿ ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ತೊಳೆಯುವುದು. ಒಣಗಿದ ಮೇಲೆ ಅದೇ ಹೆಸರಿನ ಮುಲಾಮು ತೆಳುವಾಗಿ. ಮೇಲೆ ಮಡಚಿದ ಗಾಜ್ ತುಂಡು. ಅದರ ಮೇಲೆ ನಡುವೆ ತೂತಿರುವ ಹತ್ತಿಯ ಸಿಂಬೆ, ಕೊಡ ಹೊರುವಾಗ ತಲೆ ಮೇಲೆ ಇಡುತ್ತಾರಲ್ಲ ಆ ಆಕಾರದ್ದು, ಹಳೇ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಭಾರವೆಲ್ಲ ಸಿಂಬೆಯ ಅಂಚಿಗೆ ಹೋಗಿ ಗಾಯದ ಮೇಲೆ ಬೀಳುವುದಿಲ್ಲ. ಈ ಸಿಂಬೆಯೇ ಇಡೀ ಚಿಕಿತ್ಸೆಯ ಜೀವ. ಆಮೇಲೆ ತನಗೆ ತಾನೇ ಅಂಟುವ ಬ್ಯಾಂಡೇಜನ್ನು ಅರ್ಧ ಇಂಚಿನ ಪಟ್ಟಿಯಾಗಿ ಕತ್ತರಿಸಿ, ಪ್ರತಿ ಬೆರಳುಸಂದಿಯಲ್ಲೂ ಒಮ್ಮೆ ಹಾಯಿಸಿ, ಕಣಕಾಲಿಗೆ ಎರಡು ಸುತ್ತು. ಎಳೆದು ಸುತ್ತಬಾರದು. ಈ ಬ್ಯಾಂಡೇಜು ಸುತ್ತಿದ ಮೇಲೂ ಕುಗ್ಗುತ್ತದೆ. ಒಂದು ಗಂಟೆ ಬಿಟ್ಟು ಬೆರಳ ತುದಿ ಮುಟ್ಟಿ ನೋಡಿ, ತಣ್ಣಗಿದ್ದರೆ ಅಥವಾ ಊದಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಪಟ್ಟಿ ಬದಲಿಸುವುದು ಮೊದಲ ವಾರ ದಿನಾ, ಆಮೇಲೆ ದಿನ ಬಿಟ್ಟು ದಿನ. ಒದ್ದೆಯಾದ ಪಟ್ಟಿಯನ್ನು ಸಂಜೆವರೆಗೆ ಬಿಡಬಾರದು, ಪಟ್ಟಿಯೇ ಇಲ್ಲದಿದ್ದರೂ ವಾಸಿ.

ಪಕ್ಕದ ಮನೆ ಅಜ್ಜಿ ಅರಿಶಿನ, ಸುಣ್ಣ ಕಲಸಿ ತಂದಿದ್ದರು. ಅಜ್ಜೀ, ಹಚ್ಚಲಿಲ್ಲ, ಬೇಜಾರಾಗಬೇಡಿ. ಸುಣ್ಣ ಹಸಿ ಗಾಯವನ್ನು ಸುಡುತ್ತದೆ, ಅರಿಶಿನ ಗಟ್ಟಿಯಾಗಿ ಮೆತ್ತಿಕೊಂಡರೆ ಗಾಯದ ಬಣ್ಣ ಕಾಣುವುದಿಲ್ಲ. ಆದರೆ ನೀವು ಹಿತ್ತಲ ಬೆಕ್ಕನ್ನು ಆರು ವಾರ ಕಾದಿರಲ್ಲ, ಅದನ್ನು ಮರೆಯುವುದಿಲ್ಲ.

ಔಷಧಿ ಅಂಗಡಿಯವರಿಗೂ ಕೃತಜ್ಞತೆ, ಕೊಡದಿದ್ದಕ್ಕೆ. ಮನುಷ್ಯರ ನೋವಿನ ಮಾತ್ರೆ ಚೂರು ಮಾಡಿ ಕೋಳಿಗೆ ಹಾಕುವುದು ಮಾಮೂಲಿಯಾಗಿಬಿಟ್ಟಿದೆ. ಡೈಕ್ಲೋಫೆನಾಕ್ ಅಂತೂ ಹಕ್ಕಿಗಳ ಮೂತ್ರಪಿಂಡ ಕೆಡಿಸುತ್ತದೆ. ರಣಹದ್ದುಗಳು ಸತ್ತಿದ್ದು ಅದರಿಂದಲೇ, ಜಾನುವಾರುಗಳಿಗೆ ಅದನ್ನು ಕೊಡುವುದನ್ನು ದೇಶದಲ್ಲಿ 2006ರಲ್ಲೇ ನಿಷೇಧಿಸಿದರು. ನೋವಿನ ಔಷಧಿ, ಆಂಟಿಬಯಾಟಿಕ್ ಎರಡನ್ನೂ ಪಶುವೈದ್ಯರು ತೂಕ ನೋಡಿ ಬರೆಯಬೇಕು. ಎಷ್ಟು ದಿನದ ಮೊಟ್ಟೆ ತಿನ್ನಬಾರದು ಎಂದು ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ದಿನಗಳ ಮೊಟ್ಟೆಯನ್ನು ಯಾರಿಗೂ ದಾನ ಮಾಡಬೇಡಿ, ಹೂತುಬಿಡಿ.

ಉಮಿ ಕೊಟ್ಟ ರೈಸ್ ಮಿಲ್ಲಿನವರಿಗೆ ಮೂರು ಮೂಟೆಯ ಋಣ ಇದೆ. ಕುಂಟುವ ಕೋಳಿ ಕೂತೇ ಇರುತ್ತದೆ. ಗಟ್ಟಿ ನೆಲದಲ್ಲಿ ಕೂತರೆ ಎದೆಮೂಳೆಯ ಮೇಲೆ, ಕಾಲಿನ ಗಿಣ್ಣಿನ ಮೇಲೆ ಹುಣ್ಣಾಗುತ್ತದೆ, ಆಗ ಒಂದು ಕಾಯಿಲೆ ಎರಡಾಯಿತು. ಹಳೇ ಹಣ್ಣಿನ ಕ್ರೇಟಿನ ತಳಕ್ಕೆ ಗೋಣಿ, ಅದರ ಮೇಲೆ ಮೂರು ಇಂಚು ಒಣ ಉಮಿ. ಪತ್ರಿಕೆ ಹಾಸಬೇಡಿ, ಜಾರುತ್ತದೆ. ನೀರಿನ ಬಟ್ಟಲನ್ನು ಇಟ್ಟಿಗೆ ಮೇಲೆ ಇಟ್ಟರೆ ಹಾಸು ಒದ್ದೆಯಾಗುವುದಿಲ್ಲ. ಮೂಗಿಗೆ ಘಾಟು ಬಡಿದರೆ ಉಮಿ ಬದಲಿಸುವುದು ಆಗಲೇ ತಡವಾಗಿದೆ ಎಂದರ್ಥ. ದಿನಾ ಒಮ್ಮೆ ಬಾಲದ ಕೆಳಗೆ ನೋಡಿ, ಹಿಕ್ಕೆ ಮೆತ್ತಿದ್ದರೆ ಬೆಚ್ಚನೆ ನೀರಲ್ಲಿ ತೊಳೆದು ಒಣಗಿಸಿ. ಮಳೆಗಾಲದಲ್ಲಿ ನೊಣ ಅಲ್ಲೇ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳ ಬೀಳುತ್ತದೆ.

ಕ್ರೇಟನ್ನು ಮನೆಯೊಳಗೆ ದೂರ ಇಡುವುದಕ್ಕಿಂತ ಉಳಿದ ಕೋಳಿಗಳಿಗೆ ಕಾಣುವಂತೆ, ನಡುವೆ ಜಾಲರಿ ಹಾಕಿ ಇಡುವುದು ಒಳ್ಳೆಯದು. ಕೋಳಿಗಳಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬ ಲೆಕ್ಕ ಬಹಳ ಕಟ್ಟುನಿಟ್ಟು. ಹದಿನೈದು ದಿನ ಕಣ್ಮರೆಯಾದ ಕೋಳಿ ವಾಪಸ್ಸು ಹೋದರೆ ಹೊಸಬರಂತೆ ಕುಕ್ಕಿಸಿಕೊಳ್ಳುತ್ತದೆ. ಅದರಲ್ಲೂ ಕೆಂಪು ಕಂಡ ಗಾಯವನ್ನು ಅವು ಬಿಡುವುದಿಲ್ಲ.

ಇನ್ನು ಮೇವು. ಬರೀ ಅನ್ನ, ರಾಗಿ ತಿಂದರೆ ಕೋಳಿ ಕೊಬ್ಬುತ್ತದೆ, ಮೂಳೆಗೆ ಏನೂ ಸಿಗುವುದಿಲ್ಲ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಇಲ್ಲದಿದ್ದರೆ ಹೇಂಟೆ ತನ್ನ ಮೂಳೆಯಿಂದಲೇ ತೆಗೆದು ಚಿಪ್ಪು ಕಟ್ಟುತ್ತದೆ, ಕೊನೆಗೆ ಕಾಲೇ ನಿಲ್ಲುವುದಿಲ್ಲ. ದಿನಕ್ಕೆ 110 ಗ್ರಾಂ ಲೇಯರ್ ಫೀಡನ್ನು (ಮೊಟ್ಟೆ ಇಡುವ ಕೋಳಿಯ ಸಿದ್ಧ ಮೇವು) ಬೆಚ್ಚನೆ ನೀರಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಎರಡು ಹೊತ್ತು ಕೊಟ್ಟರೆ ಸಾಕು. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇರಲಿ. ಮೇವಿಗೆ ಬೆರೆಸಬೇಡಿ, ಬೇಕಾದಷ್ಟನ್ನು ಅದೇ ಹೆಕ್ಕಿಕೊಳ್ಳುತ್ತದೆ. ರಾತ್ರಿ ಕತ್ತಿನ ಬುಡದ ಮೇವಿನ ಚೀಲ ತುಂಬಿರಬೇಕು, ಬೆಳಗ್ಗೆ ಖಾಲಿ ಇರಬೇಕು. ವಾರಕ್ಕೊಮ್ಮೆ ತೂಗಿ. ಮೂರು ಕಿಲೋ ಕೋಳಿ ಮುನ್ನೂರು ಗ್ರಾಂ ಇಳಿದರೆ ಪಟ್ಟಿ ಬದಲಿಸುತ್ತಾ ಕಾಯುವ ಸಮಯ ಅಲ್ಲ ಅದು, ಮತ್ತೆ ಡಾಕ್ಟರ ಹತ್ತಿರ ಹೋಗಬೇಕು.

ಬಡಗಿಯವರು ಮಾಡಿಕೊಟ್ಟ ಹೊಸ ಗಳ ನೆಲದಿಂದ ಒಂದು ಅಡಿ ಎತ್ತರ, ಎರಡೂವರೆ ಇಂಚು ಅಗಲ, ಅಂಚು ಉಜ್ಜಿ ಗುಂಡಗೆ ಮಾಡಿದ್ದು. ಏಣಿಗೆ ಆರಾರು ಇಂಚಿಗೆ ಒಂದು ಪಟ್ಟಿ. ಚಪ್ಪಡಿಯ ಮೇಲೆ ಈಗ ದಪ್ಪಗೆ ಉಮಿ ಇದೆ. ಇಷ್ಟು ಮಾಡದೆ ಕಾಲು ಮಾತ್ರ ವಾಸಿ ಮಾಡಿದ್ದರೆ ಎರಡು ತಿಂಗಳಲ್ಲಿ ಇನ್ನೊಂದು ಕಾಲಿಗೆ ಅದೇ ಬಾವು ಬರುತ್ತಿತ್ತು. ಒಂದು ಕಾಲು ನೋಯುವಾಗ ಭಾರವೆಲ್ಲ ಮತ್ತೊಂದರ ಮೇಲೇ ತಾನೆ.

ಕೊನೆಗೆ ಟೈಲರ್ ಅಕ್ಕನ ಜೋಲಿ. ಎರಡನೇ ವಾರ ಕೆಂಪಿ ಏಳುವುದನ್ನೇ ಬಿಟ್ಟಾಗ ಎದೆಮೂಳೆ ಉಳಿಸಿದ್ದು ಅದು. ಹಳೇ ಹತ್ತಿ ಲುಂಗಿಯ ಎರಡು ಪದರ, 18 ಇಂಚು ಉದ್ದ, 12 ಇಂಚು ಅಗಲ. ಕಾಲಿಗೆ ಎರಡು ತೂತು, ಹಿಕ್ಕೆ ಬೀಳಲು ಹಿಂದೆ ಒಂದು. ಪ್ಲಾಸ್ಟಿಕ್ ಸ್ಟೂಲನ್ನು ತಲೆಕೆಳಗು ಮಾಡಿ ಅದರ ನಾಲ್ಕು ಕಾಲಿಗೆ ನಾಲ್ಕು ಮೂಲೆ ಕಟ್ಟುವುದು, ಕೋಳಿಯ ಬೆರಳ ತುದಿ ತಳಕ್ಕೆ ಹಾಸಿದ ಗೋಣಿಗೆ ಸ್ವಲ್ಪವೇ ತಾಗಬೇಕು. ಮುಂದೆ ನೀರು, ಮೇವು. ಒಂದು ಸಲಕ್ಕೆ 20 ನಿಮಿಷ, ದಿನಕ್ಕೆ ಮೂರು ಸಲ, ಯಾರಾದರೂ ಎದುರಿಗೇ ಇರಬೇಕು. ಇಳಿಸುವ ಮೊದಲು ಒಂದೊಂದು ಕಾಲನ್ನೂ ಸೈಕಲ್ ತುಳಿದಂತೆ ಹತ್ತು ಸಲ ಮಡಚಿ ಬಿಡುವುದು. ಅಕ್ಕ ಎರಡು ಹೊಲಿದಿದ್ದರು, ಒಂದು ಮುಟ್ಟದೆ ಹಾಗೇ ಇದೆ. ಬೇಕಾದವರು ಬಂದು ಒಯ್ಯಿರಿ. ಕಾಲಿನ ತೂತು ಗಿರಿರಾಜನ ತೊಡೆಗೆ ಅಳೆದದ್ದು, ನಾಟಿ ಹೇಂಟೆಗಾದರೆ ಎರಡೂ ಕಡೆ ಒಂದೊಂದು ಹೊಲಿಗೆ ಹಾಕಿ ಚಿಕ್ಕದು ಮಾಡಿಕೊಳ್ಳಬೇಕು.