ಕೂಸಿನ ದೊಡ್ಡಹಬ್ಬದ ಅಡುಗೆ: ಎಲ್ಲರೂ ಓದಿ

ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಕೂಸು ಈ ಭಾನುವಾರ ತಾನಿರುವ ಮನೆಯವರಿಗೆ ದೀಪಾವಳಿ ಊಟ ಬಡಿಸುತ್ತಾಳಂತೆ. ನಿನ್ನೆಯಿಂದ ನೀವೆಲ್ಲ ಸೇರಿ 14 ಅಡುಗೆ ಹೇಳಿದ್ದೀರಿ. ಮಾಡುವವಳು ಒಬ್ಬಳೇ! ಸೌತೆಕಾಯಿ ಕಡುಬು, ಶುಂಠಿ ತಂಬ್ಳಿ, ಅನ್ನ, ಸಾರು. ಇಷ್ಟು ಸಾಕು.

ಕಡುಬಿಗೆ ಬಾಳೆಎಲೆ ಹುಡುಕುತ್ತಾ ಕೂರುವುದು ಬೇಡ. ಸಣ್ಣ ಬಟ್ಟಲುಗಳಿಗೆ ತುಪ್ಪ ಸವರಿ ಹಬೆಯಲ್ಲಿಟ್ಟರೆ ಆಯ್ತು. ಅಲ್ಲಿನ ಉದ್ದ ಸೌತೆಕಾಯಿಯಲ್ಲಿ ನೀರು ಜಾಸ್ತಿ. ತುರಿದು ಹಿಂಡಿ, ಆ ನೀರನ್ನು ಚೆಲ್ಲದೆ ಪಕ್ಕಕ್ಕಿಡಲಿ. ಬೆಲ್ಲವೂ ನೀರು ಬಿಡುತ್ತದೆ ಅಲ್ವಾ? ಬೆಲ್ಲ ಕರಗಿದ ಮೇಲೂ ಅಕ್ಕಿ ತರಿ ಗಟ್ಟಿ ಅನ್ನಿಸಿದರೆ ಮಾತ್ರ ಚೂರು ಚೂರೇ ಸೇರಿಸಲಿ. ಸೌಟು ನೆಟ್ಟಗೆ ನಿಂತರೆ ಹದ ಸರಿ ಅಂತ ನಮ್ಮ ಆಯಿ ಹೇಳುತ್ತಿದ್ದಳು.

ತಂಬ್ಳಿಗೆ ಒಣ ಕೊಬ್ಬರಿ ತುರಿಯೇ ಗತಿ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ರುಬ್ಬಲಿ. ಒಗ್ಗರಣೆಗೆ ಮುಂಚೆ ಕಿಟಕಿ ತೆರೆಯಲೇಬೇಕು. ಹೋದ ಸಲ ಮೆಣಸು ಸೀದು ಹೊಗೆಯ ಅಲಾರಂ ಹೊಡೆದುಕೊಂಡಿತ್ತು, ಮನೆಯವರೆಲ್ಲ ಹೊರಗೆ ಓಡಿದ್ದರು.

ಗೇರುಬೀಜ ಹಾಕುವ ಮುಂಚೆ ಯಾರಿಗಾದರೂ ಅಲರ್ಜಿ ಇದೆಯಾ ಅಂತ ಕೇಳಲು ಹೇಳಿದ್ದೇನೆ.

ಅಲ್ಲೀಗ ಚಳಿಗಾಲದ ಸಮಯ, ಅಂದ್ರೆ ಗಡಿಯಾರ ಒಂದು ಗಂಟೆ ಹಿಂದಿಟ್ಟಿದ್ದಾರೆ. ಅವಳಿಗೆ ಬೆಳಿಗ್ಗೆ 10 ಅಂದ್ರೆ ಶಿರಸಿಯಲ್ಲಿ ಮಧ್ಯಾಹ್ನ 2.30. ಆಗ ವಿಡಿಯೋ ಕಾಲ್ ಮಾಡುತ್ತಾಳೆ. ದೊಡ್ಡತ್ತಿಗೆ ಒಬ್ಬರೇ ಮಾತಾಡಲಿ, ಉಳಿದವರು ಸುಮ್ನೆ ನೋಡಿ.