ನೆಲ ಹದಕ್ಕೆ ಬರಲಿ, ಮಗಳೇ

ಪ್ರೀತಿಯ ಮಗಳೇ,

ಭಾನುವಾರ ನೀನು ಕಳಿಸಿದ ಫೋಟೊ ನೋಡಿದೆವು. ಸೈಕಲ್ಲಿಗೂ ನಿನಗೂ ಮೈತುಂಬ ಕೆಂಪು ರಾಡಿ, ನಡುವೆ ನಿನ್ನ ನಗು. ಅವ್ವ ಓಣಿಯವರಿಗೆಲ್ಲ ತೋರಿಸಿ ಬಂದಳು. ಆಮೇಲೆ ನಾನು ಫೋಟೊ ದೊಡ್ಡದು ಮಾಡಿ ನಿನ್ನ ಹಿಂದಿನ ಇಳಿಜಾರು ನೋಡಿದೆ. ಬೆಂಗಳೂರಿನ ತುರಹಳ್ಳಿ ಕಾಡಿನ ಆ ದಾರಿ ನನಗೆ ಚೆನ್ನಾಗಿ ಗೊತ್ತು. ಅದರ ಮಧ್ಯೆ ಉದ್ದಕ್ಕೂ ಗಾಲಿಯ ಹೊಸ ಗೆರೆ, ಎರಡು ಬೆರಳು ಆಳ. ಅದರೊಳಗೆ ನೀರು ಮಿಂಚುತ್ತಿತ್ತು. ಫೋನಿನಲ್ಲಿ ಹೇಳಿದರೆ ಬೈದ ಹಾಗಾಗುತ್ತದೆ ಅಂತ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಊರಲ್ಲಿ ಹಸ್ತಾ ಮಳೆ ಬಿಡುವು ಕೊಟ್ಟಿಲ್ಲ. ಕಡಲೆ ಬಿತ್ತಬೇಕು, ಕೂರಿಗೆ ಹೊರಗೆ ತೆಗೆದಿಟ್ಟಾಗಿದೆ, ಆದರೆ ಹೊಲದಲ್ಲಿ ಕಾಲಿಡುವ ಹಾಗಿಲ್ಲ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಇಂಥದ್ದೇ ಒಂದು ದಿನ, ಸುತ್ತು ತಪ್ಪಲಿ ಅಂತ ಹೊಲದ ನಡುವೆಯೇ ಸೈಕಲ್ ಹೊಡೆದೆ. ಹತ್ತು ಮಾರು ಹೋಗುವಷ್ಟರಲ್ಲಿ ಕಪ್ಪು ಎರೆಮಣ್ಣು ಮಡ್‌ಗಾರ್ಡ್ ಒಳಗೆ ತುಂಬಿಕೊಂಡು ಗಾಲಿ ತಿರುಗಲೇ ಇಲ್ಲ. ಹೆಗಲ ಮೇಲೆ ಹೊತ್ತು ಮನೆಗೆ ಬಂದೆ. ನಿನ್ನ ಅಜ್ಜ ಸೈಕಲ್ ಕಡೆ ನೋಡಲಿಲ್ಲ. ನನ್ನನ್ನು ಕರೆದುಕೊಂಡು ಹೊಲಕ್ಕೆ ಹೋದರು. ಗಾಲಿ ಹೋದ ಜಾಗದಲ್ಲಿ ಕೂತು, ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಅಮುಕಿ ಬೆರಳು ಬಿಡಿಸಿದರು. "ನೋಡು, ಕೈಗೆ ಹತ್ತತೈತಿ. ಹದ ಬಂದಿಲ್ಲ. ಹದ ಬರೋತನಕ ಎತ್ತೂ ಇಳಿಸಂಗಿಲ್ಲ, ನಾವೂ ಇಳಿಯಂಗಿಲ್ಲ." ಆ ಗೆರೆ ಒಣಗಿ ಹೆಂಟೆಗಟ್ಟಿದ್ದನ್ನು ಬಿತ್ತುವ ದಿನ ನಾನೇ ಕೈಯಿಂದ ಒಡೆದೆ.

ತುರಹಳ್ಳಿಯದು ನಮ್ಮ ಎರೆ ಅಲ್ಲ. ಬಂಡೆಯ ಮೇಲೆ ತೆಳ್ಳಗೆ ಹೊದಿಸಿದಂತಿರುವ ಕೆಂಪು ಮಣ್ಣು. ನೀರು ಬೇಗ ಬಸಿಯುತ್ತದೆ, ಜಾಸ್ತಿ ದಿನ ಕಾಯಬೇಕಿಲ್ಲ. ಆದರೆ ತೆಳ್ಳಗಿರುವ ಮಣ್ಣು ಒಮ್ಮೆ ಕೊಚ್ಚಿಹೋದರೆ ಕೆಳಗೆ ಉಳಿಯುವುದು ಕಲ್ಲು ಮಾತ್ರ. ಹಸಿ ಇಳಿಜಾರಿನಲ್ಲಿ ಗಾಲಿ ಎಳೆದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ನೀರು ಅದನ್ನೇ ಹಿಡಿದು ಇಳಿಯುತ್ತದೆ, ಮಣ್ಣನ್ನೂ ಒಯ್ಯುತ್ತದೆ. ಕೊರಕಲಾದ ಮೇಲೆ ಬರುವವರು ಪಕ್ಕದ ಹುಲ್ಲಿನ ಮೇಲೆ ಹೊಡೆಯುತ್ತಾರೆ. ಅದೂ ಸವೆಯುತ್ತದೆ. ಒಬ್ಬರು ಹೋಗುವ ಕಾಲುದಾರಿ ಚಕ್ಕಡಿ ಹೋಗುವಷ್ಟು ಅಗಲವಾಗುತ್ತದೆ.

ಅಲ್ಲಿ ನಾವು ಕೂತು ಅವಲಕ್ಕಿ ತಿನ್ನುತ್ತಿದ್ದ ಮರ ನೆನಪಿದೆ ಅಲ್ವಾ? ಮೊದಲು ಅದರ ಬೇರು ಕಾಣುತ್ತಲೇ ಇರಲಿಲ್ಲ. ನಾವು ಬೆಂಗಳೂರು ಬಿಟ್ಟು ಊರಿಗೆ ಬರುವ ಹೊತ್ತಿಗೆ ಬೇರಿನ ಕೆಳಗೆ ಕೈ ತೂರುವಷ್ಟು ಸಂದಾಗಿತ್ತು. ಅದರಲ್ಲಿ ನಮ್ಮ ಪಾಲೂ ಇದೆ. ಹಿಂದಿನ ಬ್ರೇಕ್ ಒತ್ತಿ ಸರ್ರನೆ ಜಾರುವುದು ನಿನಗೆ ಆಟವಾಗಿತ್ತು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಆಗಲೇ ತಡೆಯಬೇಕಿತ್ತು.

ಇನ್ನು ಮೇಲೆ ಮಳೆ ಬಂದ ಮರುದಿನ ಹೋದರೆ ಮೊದಲು ಇಳಿದು ಮಣ್ಣು ಮುಟ್ಟಿ ನೋಡು. ಅಮುಕಿದ ಮುದ್ದೆ ಬೆರಳು ತಾಗಿದರೆ ಉದುರಬೇಕು. ಕೈಗೆ ಮೆತ್ತಿಕೊಂಡರೆ, ಟೈರಿಗೆ ಅಂಟಿದರೆ, ಹಿಂದೆ ಗೆರೆ ಬಿದ್ದರೆ, ಸುಮ್ನೆ ವಾಪಸ್ ಬಾ. ಆ ದಿನಕ್ಕೆ ಡಾಂಬರು ರಸ್ತೆ ಇದೆ. ದಾರಿ ಗಟ್ಟಿಯಾಗಿದ್ದು ನಡುವೆ ಒಂದೇ ಕಡೆ ನೀರು ನಿಂತಿದ್ದರೆ ಬದಿಗೆ ಸರಿಯಬೇಡ, ನಿಧಾನವಾಗಿ ನೀರಿನಲ್ಲೇ ದಾಟು. ಬಟ್ಟೆ ಕೊಳೆಯಾದರೆ ಒಗೆಯಬಹುದು. ಇಳಿಯುವಾಗ ಎರಡೂ ಬ್ರೇಕ್ ಸ್ವಲ್ಪ ಸ್ವಲ್ಪವೇ ಹಿಡಿ. ಹತ್ತಿ ಬರುವವರಿಗೆ, ನಡೆಯುವವರಿಗೆ ದಾರಿ ಬಿಡು. ಅದು ಅರಣ್ಯ ಇಲಾಖೆಯ ಜಾಗ. ಗಾರ್ಡ್ ಬೇಡ ಅಂದರೆ ವಾದ ಮಾಡದೆ ತಿರುಗು. ಹುಲ್ಲಿಗಂತೂ ಇಳಿಯಲೇಬೇಡ. ಟಿಟ್ಟಿಭ ಹಕ್ಕಿ ನೆಲದ ಮೇಲೇ ಮೊಟ್ಟೆ ಇಡುತ್ತದೆ, ಆ ಮೊಟ್ಟೆ ನೋಡಲು ಕಲ್ಲಿನ ಹಾಗೇ ಇರುತ್ತದೆ.

2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಎಷ್ಟು ಜನ ಬಂದು ನಿಂತಿದ್ದರು! ನಾವೂ ಹೋಗಿದ್ದೆವು. ಕಾಡು ಇದ್ದ ಹಾಗೇ ಇರಲಿ ಅಂತ ಕೇಳಿದೆವು, ಯೋಜನೆ ಕೈಬಿಟ್ಟರು. ಇದ್ದ ಹಾಗೇ ಇರಲಿ ಅಂತ ಕೇಳಿದವರ ಗಾಲಿಯಿಂದಲೇ ಆ ದಾರಿ ಹಾಳಾಗುವುದನ್ನು ನನ್ನಿಂದ ನೋಡಲು ಆಗುವುದಿಲ್ಲ.

ನೀನು ಸೈಕಲ್ ಬಿಡಬೇಕು ಅಂತ ಹೇಳುತ್ತಿಲ್ಲ. ಬೆಳಗಿನ ಆರೂವರೆಗೆ ಬಂಡೆಯ ಮೇಲೆ ನಿಂತು ನವಿಲಿನ ಕೂಗು ಕೇಳಿದ್ದು ನನ್ನ ಬೆಂಗಳೂರಿನ ದಿನಗಳಲ್ಲೇ ಒಳ್ಳೆಯದು. ಅದು ನಿನಗೂ ಸಿಗುತ್ತಿದೆ ಅಂತ ಸಂತೋಷ.

ಕಡಲೆ ಬೀಜದ ಚೀಲ ಪಡಸಾಲೆಯಲ್ಲೇ ಇದೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ, ಮಣ್ಣು ಇನ್ನೂ ಕೈಗೆ ಹತ್ತುತ್ತದೆ. ಭಾನುವಾರ ಮತ್ತೆ ನೋಡುತ್ತೇನೆ. ನೀನೂ ಅಲ್ಲಿ ನೋಡಿ ಫೋನ್ ಮಾಡು.

ನಿನ್ನ ಅಪ್ಪ